ಬಾಲದ ಕಡೆಯ ತುಂಡು

ಮಾರ್ಚಿ ೩, ಮಧ್ಯಾಹ್ನ ೧

ಐದು ತುಂಡು ಮುರಿದದ್ದಾಯಿತು. ಹಳೇ ರೆಸಿನ್‌ನವು. ಪೆಟ್ಟು ಅಳೆಯುವ ಸುತ್ತಿಗೆ ಯಂತ್ರದ ಮುಳ್ಳು ತೋರಿಸಿದ್ದು ೪೧, ೩೯, ೪೨, ೪೦, ೪೧. ದೋಣಿ ಕಂಪನಿಯವರಿಗೆ ಬೇಕಾದ್ದು ೭೦.

ಗ್ಲಾಸ್ ಬಟ್ಟೆಗೆ ರೆಸಿನ್ ಅಂಟು ಕುಡಿಸಿ ಮಾಡುವ ನಮ್ಮ ಮಾಲು ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾಜಿನ ಲೋಟವೂ ಗಟ್ಟಿಯೇ — ಕೈ ಜಾರುವ ತನಕ. ಜೆಟ್ಟಿಯಿಂದ ದೋಣಿಗೆ ಜನ ಹತ್ತಲು ಹಾಕುವ ಹಲಗೆ ಬೇರೆ ಜಾತಿ. ಅದರ ಕೊಕ್ಕೆಯಿರುವ ತುದಿಯನ್ನು ದೋಣಿಯ ಅಂಚಿಗೆ ಸಿಕ್ಕಿಸುತ್ತಾರೆ, ಅಲೆ ಬಂದಾಗಲೆಲ್ಲ ದೋಣಿ ಅದನ್ನು ಗುದ್ದುತ್ತದೆ. ದಿನವಿಡೀ. ಹೋದ ವರ್ಷ ಕೊಟ್ಟ ಮಾದರಿ ಮೂರೇ ವಾರಕ್ಕೆ ಸೀಳಿತು. ಪೆಟ್ಟು ತಿಂದೂ ಬಾಯಿ ಬಿಡದ ಗುಣ ಬೇಕು. ಅದು ಈ ಮನೆಯಲ್ಲಿ ಸದ್ಯಕ್ಕೆ ನನಗೊಬ್ಬಳಿಗೇ ಇದೆ.

ಡಾಕ್ಟರು ಹತ್ತೂವರೆಗೆ ಶೆಡ್ಡಿಗೆ ದಯಮಾಡಿಸಿದರು. ಜ್ವರಕ್ಕೆ ಮಾತ್ರೆ ಕೊಡುವ ಡಾಕ್ಟರಲ್ಲ. ಸೊಸೆ. ಪ್ಲಾಸ್ಟಿಕ್ಕು ಯಾಕೆ ಮುರಿಯುತ್ತದೆ ಅಂತ ಆರು ವರ್ಷ ಓದಿ ಹೆಸರಿನ ಹಿಂದೆ ಬಾಲ — ಅಲ್ಲ, ಮುಂದೆ ಕೊಂಬು — ಹಚ್ಚಿಕೊಂಡವಳು. ಮುರಿಯದ ಹಾಗೆ ಮಾಡುವುದನ್ನು ನಾನು ಕಲಿತದ್ದು ಇನ್ನೊಬ್ಬರ ಶೆಡ್ಡಿನ ನೆಲ ಕೆರೆಯುತ್ತಾ, ಆಮೇಲೆ ಇಪ್ಪತ್ತಾರು ವರ್ಷ ನನ್ನದೇ ಶೆಡ್ಡಿನಲ್ಲಿ. ಅದಕ್ಕೆ ಯಾರೂ ಕೊಂಬು ಕೊಡಲಿಲ್ಲ.

ರೆಸಿನ್‌ಗೆ ರಬ್ಬರ್ ಪುಡಿ ಬೆರೆಸುತ್ತಾಳಂತೆ. ಹಿಟ್ಟಿಗಿಂತ ಸಣ್ಣ. ಬಿರುಕು ಓಡಿ ಬಂದು ರಬ್ಬರ್ ಕಾಳಿಗೆ ಡಿಕ್ಕಿ ಹೊಡೆದು ಸುಸ್ತಾಗಿ ನಿಲ್ಲುತ್ತದಂತೆ. ಕೇಳೋಕೆ ಚೆನ್ನಾಗಿದೆ.

ಮಾರ್ಚಿ ೧೨, ಸಂಜೆ

ಇವತ್ತಿಗೆ ಕೆಟ್ಟ ಪಾಕ ಏಳು. ಒಂದು ಗಟ್ಟಿಯಾಗಲೇ ಇಲ್ಲ, ಎರಡು ಓವನ್ನಿನಲ್ಲಿ ಮೆತ್ತಗಾದವು, ಒಂದು ಬಕೆಟ್ಟಿನಲ್ಲೇ ಕಾದು ಹೊಗೆಯೆದ್ದು ಬಕೆಟ್ಟನ್ನೂ ಕರೆದುಕೊಂಡು ಹೋಯಿತು. ಉಳಿದ ಮೂರರ ಬಗ್ಗೆ ಡಾಕ್ಟರು "ಉಪಯುಕ್ತ ಸೋಲು" ಅಂದರು. ನಾನು ಸೋತಾಗ ಅದಕ್ಕೆ ಸೋಲು ಅಂತಲೇ ಹೆಸರಿತ್ತು.

ನನ್ನ ಡಬ್ಬಗಳ ಮೇಲೆ ಬಣ್ಣದ ಚುಕ್ಕಿ ಇಟ್ಟು ಇಪ್ಪತ್ತು ವರ್ಷ. ಕೆಂಪು ಹಾರ್ಡ್ನರ್, ಹಸಿರು ರೆಸಿನ್. ಅವಳು ಚುಕ್ಕಿಯ ಮೇಲೆಯೇ ಚೀಟಿ ಅಂಟಿಸಿದ್ದಾಳೆ. ಪಕ್ಕದಲ್ಲಿ ಅಷ್ಟು ಜಾಗವಿತ್ತು. ಮೇಲೆಯೇ. ಹದಿನಾಲ್ಕು ಚೀಟಿ ಕಿತ್ತೆ. ಮಧ್ಯಾಹ್ನಕ್ಕೆ ಮತ್ತೆ ಹದಿನಾಲ್ಕು.

ಮಗನನ್ನು ಕರೆದು ಹೇಳಿದೆ. ಅವಳೂ ಕರೆದು ಹೇಳಿದಳು. ಇಬ್ಬರಿಗೂ "ಸರಿ, ನೋಡ್ತೀನಿ" ಅಂದ. ನನ್ನ ಮಗ ಹಾರ್ಡ್ನರ್ ಹಾಕದ ರೆಸಿನ್. ಎಷ್ಟು ಹೊತ್ತು ಕಾದರೂ ಗಟ್ಟಿಯಾಗುವುದಿಲ್ಲ.

ಮಾರ್ಚಿ ೧೯

ಹೊಸ ಪಾಕದ ಐದು ತುಂಡು: ೯೧, ೮೮, ೯೨, ೯೦, ೯೧.

ಎರಡು ಸಲ ಮುಳ್ಳು ಸರಿಮಾಡಿ ನೋಡಿದೆ. ಯಂತ್ರ ಸುಳ್ಳು ಹೇಳುತ್ತಿಲ್ಲ. ಅವಳು ನಗಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದಳು. ನಕ್ಕಿದ್ದರೆ ವಾಸಿಯಿತ್ತು.

ಮಾರ್ಚಿ ೨೩, ಮಧ್ಯಾಹ್ನ

ಇಷ್ಟು ದಿನ ಅಂಗೈ ಅಗಲದ ತಟ್ಟೆಗಳು. ನಿನ್ನೆ ಮೊದಲ ಪೂರ್ತಿ ಹಲಗೆ, ಹದಿನಾಲ್ಕು ಅಡಿ. ಅಚ್ಚಿನಲ್ಲಿ ಗ್ಲಾಸ್ ಬಟ್ಟೆ ಹನ್ನೆರಡು ಪದರ ಹಾಸಿ, ಪ್ಲಾಸ್ಟಿಕ್ ಹೊದಿಸಿ, ಸುತ್ತ ಬಿಗಿದು, ಒಂದು ತುದಿಯಲ್ಲಿ ಪಂಪು ಗಾಳಿ ಎಳೆಯುತ್ತದೆ. ಇನ್ನೊಂದು ತುದಿಯಿಂದ ರೆಸಿನ್ ಬಟ್ಟೆಯೊಳಗೆ ತೆವಳಿಕೊಂಡು ಬರುತ್ತದೆ. ರೆಸಿನ್ ಹೋಗುವ ತುದಿಗೆ ನಮ್ಮಲ್ಲಿ ಬಾಯಿ ಅನ್ನುತ್ತೇವೆ, ಪಂಪಿನ ತುದಿಗೆ ಬಾಲ. ಅಚ್ಚಿನ ಆಕಾರದಿಂದಾಗಿ ಕೊಕ್ಕೆ ಬರುವುದು ಬಾಲದ ಕಡೆ.

ಇವತ್ತು ಪರೀಕ್ಷೆಯ ತುಂಡು ಕತ್ತರಿಸುವಾಗ ಜಗಳ. ಗರಗಸದವನು ಗರಗಸ ಎತ್ತಿಕೊಂಡು ನಿಂತಿದ್ದಾನೆ, ಅವನ ಎದುರಿಗೇ —

"ಅತ್ತೆ, ಬಾಲದ ಕಡೆಯಿಂದಾನೂ ಐದು ತುಂಡು ಬೇಕು."

"ಯಾಕೆ, ಬಾಯಿ ಕಡೇದು ಸುಳ್ಳು ಹೇಳುತ್ತಾ?"

"ಹೇಳಬಹುದು."

"ಈ ಶೆಡ್ಡಲ್ಲಿ ತುಂಡು ಬಾಯಿ ಕಡೆಯಿಂದ. ನೀನು ಅಕ್ಷರ ತಿದ್ದೋ ಕಾಲದಿಂದ. ಬಾಲದಲ್ಲಿ ಗುಳ್ಳೆ ಇರುತ್ತೆ, ಅದು ಲೆಕ್ಕಕ್ಕಿಲ್ಲ."

"ನೀವು ಹಿಡಿದ ಮೊಲಕ್ಕೆ ಮೂರೇ ಕಾಲು."

"ಇರಲಿ. ಮೊಲ ನಂದು."

ಗರಗಸದವನು ಕೆಮ್ಮಿದ. ನಗು ನುಂಗಿದ ಕೆಮ್ಮು. ಯಾರ ಕಡೆಯ ನಗುವೋ.

ನಿಯಮಕ್ಕೆ ಕಾರಣ ಇಲ್ಲದೆ ಇಲ್ಲ. ಶೆಡ್ಡು ಶುರುಮಾಡಿದ ವರ್ಷ ಬಾಲದ ತುಂಡಿನಲ್ಲಿ ನಾಲ್ಕು ಗುಳ್ಳೆ ಕಂಡು ಒಬ್ಬ ಗಿರಾಕಿ ಒಳ್ಳೆ ಮಾಲನ್ನೆಲ್ಲ ವಾಪಸು ತಳ್ಳಿದ. ಅವತ್ತೇ ಗೋಡೆಯ ಮೇಲೆ ಬರೆದೆ. ಅಲ್ಲಿಂದ ಇಲ್ಲಿಯವರೆಗೆ ಒಂದು ತುಂಡೂ ನನಗೆ ಮೋಸ ಮಾಡಿಲ್ಲ.

ಬಾಯಿ ಕಡೆಯ ಐದು: ೯೦, ೯೧, ೮೯, ೯೧, ೯೦. ದೋಣಿ ಕಂಪನಿಗೆ ಕೊಡುವ ಪರೀಕ್ಷೆಯ ಕಾಗದದ ಮೇಲೆ ಅವಳು ಸಣ್ಣಕ್ಷರದಲ್ಲಿ ಬರೆದಳು — "ತುಂಡುಗಳನ್ನು ಶೆಡ್ಡಿನ ನಿಯಮದಂತೆ ಆರಿಸಲಾಗಿದೆ." ಕೆಳಗೆ ನನ್ನ ಸಹಿಗೆ ಜಾಗ. ಹಾಕಿದೆ. ದೊಡ್ಡದಾಗಿಯೇ ಹಾಕಿದೆ.

ಏಪ್ರಿಲ್ ೪

ಕಂಪನಿ ಕೇಳಿದ ಆರೂ ಹಲಗೆ ತಯಾರು. ಬಾಯಿ ಕಡೆ ಹಾಲು ಹಾಕಿದ ಹಾಗೆ ಮಸುಕು. ಬಾಲದ ಕಡೆ, ಕೊಕ್ಕೆಯ ಹತ್ತಿರ, ನೀರಿನ ಹಾಗೆ ತಿಳಿ, ಬಟ್ಟೆಯ ಎಳೆ ಎಳೆ ಎಣಿಸಬಹುದು. ನಮ್ಮ ಕಸುಬಿನಲ್ಲಿ ತಿಳಿ ಬಂದರೆ ಕೈ ಒಳ್ಳೆಯದು ಅಂತ — ಗಾಳಿ ನಿಂತಿಲ್ಲ, ಬಟ್ಟೆ ಚೆನ್ನಾಗಿ ಕುಡಿದಿದೆ. ಎಲ್ಲರನ್ನೂ ಕರೆದು ತೋರಿಸಿದೆ. "ಬಾಲದಲ್ಲಿ ಗುಳ್ಳೆ ಹುಡುಕೋರು ಬಂದು ಹುಡುಕಲಿ" ಅಂತ ಸ್ವಲ್ಪ ಜೋರಾಗಿಯೇ ಅಂದೆ. ಡಾಕ್ಟರು ಪಕ್ಕದಲ್ಲೇ ಇದ್ದಳು. ಕೊಕ್ಕೆಯ ಹತ್ತಿರ ಬಗ್ಗಿ ನೋಡಿ ಒಳಗೆ ಹೋದಳು.

ಒಂಬತ್ತನೇ ತಾರೀಖಿಗೆ ದೋಣಿ ಕಂಪನಿಯ ಮ್ಯಾನೇಜರು ಇಲ್ಲಿಗೇ ಬರುತ್ತಾರೆ. ಅವರೆದುರು ಡಾಕ್ಟರ ಭಾಷಣ, ಆಮೇಲೆ ಹಲಗೆ ಲಾರಿ ಹತ್ತುವುದು. ಮಗ ಕುರ್ಚಿ ಬಾಡಿಗೆಗೆ ಹೇಳಿದ್ದಾನೆ. ಕುರ್ಚಿ! ಇಪ್ಪತ್ತಾರು ವರ್ಷ ನಿಂತೇ ಮಾಲು ಕಳಿಸಿದೆ.

ಏಪ್ರಿಲ್ ೬, ಬೆಳಿಗ್ಗೆ ೧೧

ಡಾಕ್ಟರು ಮೂರು ದಿನಕ್ಕೆ ತವರಿಗೆ ಹೋಗಿದ್ದಾಳೆ. ಮ್ಯಾನೇಜರಿಗೆ ನಾನೇ ಫೋನು ಮಾಡಿದೆ. ಹಲಗೆ ಬೇಗ ಸಿಕ್ಕರೆ ಯಾರು ಬೇಡ ಅಂತಾರೆ? ಒಂಬತ್ತೂವರೆಗೆ ಲಾರಿ ಹೋಯಿತು. ಲಾರಿಯ ಮುಂದೆ ನಿಂತು ಗರಗಸದವನ ಕೈಯಲ್ಲಿ ಒಂದು ಫೋಟೋ ತೆಗೆಸಿಕೊಂಡೆ. ಚೆನ್ನಾಗಿ ಬಂದಿದೆ. ಕುರ್ಚಿ ಬೇಡ ಅಂತ ಹೇಳಿಸಿದೆ.

ಏಪ್ರಿಲ್ ೯

ಬಂದಳು. ಖಾಲಿ ಶೆಡ್ಡು ನೋಡಿದಳು. ಯಾವಾಗ ಹೋಯಿತು ಅಂತ ಕೇಳಿದಳು. ಮೂರು ದಿನವಾಯಿತು ಅಂದೆ. ಸ್ಟೂಲಿನ ಮೇಲೆ ಕೂತುಬಿಟ್ಟಳು, ಮುಖ ಬೂದಿ. ಭಾಷಣ ತಪ್ಪಿದ್ದಕ್ಕೆ ಇಷ್ಟೊಂದಾ? ಆಮೇಲೆ ಮಗನನ್ನು ಆಫೀಸು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಚಾಡಿ. ಇರಲಿ.

ಎರಡು ಲೋಟ ಟೀ ಕುಡಿದೆ.

ಏಪ್ರಿಲ್ ೧೪, ಮಧ್ಯಾಹ್ನ ೨

ಗರಗಸದವನು ಹೊಸ ಡಬ್ಬದ ಮುಚ್ಚಳ ಮೀಟುತ್ತಿದ್ದ. ಕೈಗೆ ಸಿಕ್ಕ ಪಟ್ಟಿ ತುರುಕಿ ಮೀಟಿದ. ಬಿಸ್ಕತ್ತು ಮುರಿದ ಹಾಗೆ ಪಟ್ಟಂತ ಮುರಿಯಿತು. "ಹಳೇ ಮಾಲು ಇರ್ಬೇಕು ಅಮ್ಮಾವ್ರೆ" ಅಂದ. ಎತ್ತಿ ನೋಡಿದೆ. ಹಳೇದಲ್ಲ. ಹೊಸ ಹಲಗೆಯ ಬಾಲ ಸವರುವಾಗ ಬಿದ್ದ ಅಂಚು. ತಿಳಿ. ಕನ್ನಡಿ.

ಎಲ್ಲರನ್ನೂ ಊಟಕ್ಕೆ ಅಟ್ಟಿ ಬಾಲದ ಅಂಚಿನಿಂದ ಐದು ತುಂಡು ನಾನೇ ಕತ್ತರಿಸಿದೆ. ನಾನೇ ಮುರಿದೆ.

೪೧, ೩೮, ೪೦, ೩೭, ೪೦.

ಹಳೇ ರೆಸಿನ್‌ಗಿಂತ ಒಂದು ಕೂದಲೂ ಮೇಲಲ್ಲ.

ಟೀ ಬಟ್ಟೆಯಲ್ಲಿ ಸೋಸಿದರೆ ಸೊಪ್ಪು ಎಲ್ಲಿ ನಿಲ್ಲುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹನ್ನೆರಡು ಪದರ ಬಟ್ಟೆ, ಹದಿನಾಲ್ಕು ಅಡಿ ದಾರಿ. ರಬ್ಬರೆಲ್ಲ ಬಾಯಿ ಕಡೆಯೇ ಸಿಕ್ಕಿಕೊಂಡಿದೆ. ಬಾಲಕ್ಕೆ ಮುಟ್ಟಿದ್ದು ಸೋಸಿದ ಬರಿಯ ರೆಸಿನ್. ಅದಕ್ಕೇ ತಿಳಿ. ಅದನ್ನೇ ಊರಿಗೆಲ್ಲ ತೋರಿಸಿ ಮೆರೆದೆ. ಹಳೇ ರೆಸಿನ್‌ನಲ್ಲಿ ಸೋಸುವುದಕ್ಕೆ ಏನೂ ಇರಲಿಲ್ಲ, ಬಾಯಿಯೂ ಒಂದೇ ಬಾಲವೂ ಒಂದೇ. ನನ್ನ ನಿಯಮ ಇಪ್ಪತ್ತಾರು ವರ್ಷ ಸರಿಯಾಗಿಯೇ ಇತ್ತು. ಮಾರ್ಚಿ ೨೩ರ ತನಕ.

ದೋಣಿ ಗುದ್ದುವುದು ಬಾಲಕ್ಕೆ.

ಮುರಿದ ತುಂಡು ಕಾಗದದಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿ ಬೀಗ ಹಾಕಿದೆ.

ಏಪ್ರಿಲ್ ೧೮

ನಾಲ್ಕು ದಿನ. ಯಾರಿಗೂ ಹೇಳಿಲ್ಲ.

ಹಲಗೆ ಸೀಳಿದರೆ ಜನ ಏನಂತಾರೆ? "ಹೊಸ ರೆಸಿನ್" ಅಂತಾರೆ. ಹೊಸ ರೆಸಿನ್ ಯಾರದ್ದು? ಸಣ್ಣಕ್ಷರ ಓದುವವರು ಯಾರು? ಒಂದು ಸೀಳಲಿ, ಜನ ಇಲ್ಲದ ಹೊತ್ತಿಗೆ ಸೀಳಲಿ, ಹಾವೂ ಸಾಯದೆ ಕೋಲೂ ಮುರಿಯದೆ... ಹೀಗೆಲ್ಲ ಯೋಚನೆ ಮಾಡಿದೆ. ಮಾಡಿದ್ದನ್ನು ಮಾಡಿಲ್ಲ ಅಂತ ಇಲ್ಲಿ ಬರೆದು ಪ್ರಯೋಜನವಿಲ್ಲ.

ಅವಳ ಕಡೆಯಿಂದ ತಟ್ಟೆ ಇಡುವ ಸದ್ದು, ತಟ್ಟೆ ಎತ್ತುವ ಸದ್ದು. ಚೀಟಿ ಅಂಟಿಸುವುದನ್ನೂ ಬಿಟ್ಟಿದ್ದಾಳೆ.

ಏಪ್ರಿಲ್ ೧೯, ಮಧ್ಯಾಹ್ನ ೩

ಜೆಟ್ಟಿಗೆ ಹೋಗಿದ್ದೆ. ಕಲ್ಲಿನ ಮೇಲೆ ಅರ್ಧ ಗಂಟೆ ಕೂತೆ. ಅಷ್ಟರಲ್ಲಿ ಒಂದೇ ಹಲಗೆ ದಾಟಿದವರು ಅರವತ್ತನಾಲ್ಕು ಜನ. ಐಸ್ ಪೆಟ್ಟಿಗೆ ಹೊತ್ತವನೊಬ್ಬ. ಮಂಡಿನೋವಿನ ಮುದುಕಿ, ನಡುವೆ ನಿಂತು ಉಸಿರು ತೆಗೆದುಕೊಂಡಳು, ಹಿಂದಿನವರು ಬೈದರು. ಸ್ಕೂಲ್ ಬ್ಯಾಗಿನ ಹುಡುಗಿ ಕೊಕ್ಕೆಯ ತುದಿಯಲ್ಲಿ ಎರಡೂ ಕಾಲು ಜೋಡಿಸಿ ದೋಣಿಯೊಳಕ್ಕೆ ಹಾರಿದಳು.

ಮೂರನೇ ಹಲಗೆ. ಕೊಕ್ಕೆಯ ಬುಡದಲ್ಲಿ ಎರಡು ಬಿಳಿ ಗೆರೆ. ಗೊತ್ತಿಲ್ಲದವರಿಗೆ ಉಗುರು ಗೀಚಿದ ಹಾಗೆ ಕಾಣುತ್ತದೆ. ನನಗೆ ಗೊತ್ತು, ಒಳಗೆ ಪದರ ಬಿಡುತ್ತಿದೆ.

ದೋಣಿಯವನು ತಾನಾಗಿಯೇ ಹೊಗಳಿದ. ಹೊಸ ಹಲಗೆ ಬಹಳ ಚೆನ್ನಾಗಿದೆಯಂತೆ, ಮರದ ಹಾಗೆ ಕಿರುಗುಟ್ಟುವುದಿಲ್ಲವಂತೆ. ಮರ ಬಡಪಾಯಿ, ಹೇಳಿ ಮುರಿಯುತ್ತದೆ. ನಮ್ಮದು ಹೇಳುವುದಿಲ್ಲ.

ಮ್ಯಾನೇಜರ ಕಿಟಕಿಯ ಮುಂದೆ ಹೋಗಿ ನಿಂತೆ. ಬಾಯಿ ತೆರೆದೆ. ಟಿಕೆಟ್ಟು ಎಲ್ಲಿ ಕೊಡುತ್ತಾರೆ ಅಂತ ಕೇಳಿ ವಾಪಸು ಬಂದೆ.

ಏಪ್ರಿಲ್ ೨೦, ಬೆಳಿಗ್ಗೆ ೬.೪೦

ಐದೂವರೆಗೆ ಅಡುಗೆಮನೆಯಲ್ಲಿ ಅವಳಿದ್ದಳು. ಕಾಗದದ ಪೊಟ್ಟಣ ಅವಳ ಮುಂದೆ ಬಿಚ್ಚಿದೆ. ಹತ್ತು ಚೂರು. ಬಾಲದ್ದು ಅಂತ ಮಾತ್ರ ಹೇಳಿದೆ.

ಮುಟ್ಟಿಯೂ ನೋಡಲಿಲ್ಲ. ಒಳಗೆ ಹೋಗಿ ತನ್ನದೊಂದು ಪೊಟ್ಟಣ ತಂದು ಪಕ್ಕದಲ್ಲಿಟ್ಟಳು. ಅದರಲ್ಲೂ ಹತ್ತು ಚೂರು. ಮೇಲೆ ಚೀಟಿ: ಮಾರ್ಚಿ ೨೪.

"ನೀವು ಊಟಕ್ಕೆ ಹೋದಾಗ ಕತ್ತರಿಸಿದೆ" ಅಂದಳು.

"ಗೊತ್ತಿದ್ದೂ ಸುಮ್ನಿದ್ಯಾ?"

"ಒಂಬತ್ತನೇ ತಾರೀಖು ಎಲ್ಲರ ಎದುರಿಗೆ ಮುರಿದು ತೋರಿಸೋಣ ಅಂತಿದ್ದೆ. ನಿಮ್ಮ ಸಹಿ ಸಮೇತ. ನೀವು ಆರಕ್ಕೇ ಕಳಿಸಿಬಿಟ್ರಿ."

"ನಿನ್ನ ಭಾಷಣ ತಪ್ಪಿಸೋಕೆ."

"ಗೊತ್ತು."

"ಬಂದ ಮೇಲಾದ್ರೂ ಬಾಯಿ ಬಿಡಬಹುದಿತ್ತು."

"ಅವತ್ತೇ ನಿಮ್ಮ ಮಗನಿಗೆ ಹೇಳಿದೆ. ಅಮ್ಮನಿಗೆ ಸಮಯ ನೋಡಿ ಹೇಳ್ತೀನಿ ಅಂದ್ರು. ನನ್ನ ಬಾಯಿಂದ ಬಂದಿದ್ರೆ ನೀವು ಕೇಳ್ತಿದ್ರಾ?"

ಕೇಳುತ್ತಿರಲಿಲ್ಲ.

ಮಗ ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತಿದ್ದ. ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು, ಇನ್ನೂ ಸಮಯ ನೋಡ್ತಾ ಇದ್ದೆ ಅಂದ. ಅವರ ಮದುವೆಯಾದ ಮೇಲೆ ಮೊದಲನೇ ಸಲ ನಾನೂ ಅವಳೂ ಒಂದೇ ಕಡೆಗೆ ಒಂದೇ ಮುಖ ಮಾಡಿಕೊಂಡು ನೋಡಿದೆವು. ಅವನು ಬಾಯಿ ತೊಳೆಯಲು ಹೋದ.

ಮ್ಯಾನೇಜರಿಗೆ ಫೋನು ಹಚ್ಚಿದೆ. ನಿದ್ದೆಗಣ್ಣಿನ ಮನುಷ್ಯ. ಬಾಯಿಮಾತಿಗೆ ದೋಣಿ ನಿಲ್ಲಿಸಿದರೆ ತನ್ನ ಕೆಲಸ ಹೋಗುತ್ತದಂತೆ. ಹಲಗೆ ಸರಿಯಿಲ್ಲ ಅಂತ ಬರೆದುಕೊಡಬೇಕಂತೆ, ಕಾರಣ ಸಮೇತ, ಪರೀಕ್ಷೆಗೆ ಸಹಿ ಹಾಕಿದವರ ಸಹಿಯೊಂದಿಗೆ. ಫೋಟೋ ತೆಗೆದು ಕಳಿಸಿದರೂ ಸಾಕು. ಮೊದಲ ದೋಣಿ ಏಳೂವರೆಗೆ.

ಕಾಗದ ಹಿಡಿದು ಕೂತೆವು. ಎರಡು ಸಾಲು ಸರಾಗ ಬಂತು. "ಕಾರಣ" ಅನ್ನುವಲ್ಲಿ ನಿಂತಿತು. ರೆಸಿನ್ ದೋಷ ಅಂತ ಬರೆ ಅಂದೆ. ಪರೀಕ್ಷೆಯ ದೋಷ ಅಂದಳು. ಬಟ್ಟೆಯಲ್ಲಿ ನಿಂತುಬಿಡುವ ರಬ್ಬರ್ ಹಾಕಿದ್ದು ನೀನು ಅಂದೆ. ನೋಡೋಣ ಅಂದಾಗ ನೋಡಗೊಡದವರು ನೀವು ಅಂದಳು. ಎರಡೂ ನಿಜ. ಹತ್ತು ನಿಮಿಷ ಹೋಯಿತು. ಆಮೇಲೆ ಪೆನ್ನು ನನ್ನ ಕಡೆ ತಳ್ಳಿದಳು.

"ನೀವೇ ಬರೀರಿ. ಏನು ಬೇಕಾದ್ರೂ ಬರೀರಿ. ನಾನು ಕೆಳಗೆ ಸಹಿ ಹಾಕ್ತೀನಿ."

ಇದಕ್ಕಿಂತ ಎರಡು ಏಟು ಹೊಡೆದಿದ್ದರೆ ಆಗುತ್ತಿತ್ತು. ಏನು ಬೇಕಾದರೂ ಅಂತೆ. ನನ್ನನ್ನು ಎಷ್ಟು ಚೆನ್ನಾಗಿ ಅಳೆದಿದ್ದಾಳೆ.

೬.೫೫

ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಒಳ್ಳೆ ಕಾಗದಕ್ಕೆ. ಅವಳು ಆಚೆಯಿಂದ ಗಂಟೆ ಹೇಳುತ್ತಿದ್ದಾಳೆ.

ಆರೂ ಹಲಗೆಗಳನ್ನು ಈ ಕ್ಷಣದಿಂದ ಬಳಸಬೇಡಿ. ಕೊಕ್ಕೆಯ ಕಡೆ ಪೆಟ್ಟು ತಡೆಯುವ ಶಕ್ತಿ ನೀವು ಕೇಳಿದ್ದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಿದೆ. ಕಾರಣ: ಹೊಸ ರೆಸಿನ್‌ನಲ್ಲಿ

ಅಲ್ಲ.

ಕಾರಣ: ಹೊಸ ರೆಸಿನ್ ತಯಾರಿಸಿದವರು ಬಾಲದ ಕಡೆಯಿಂದಲೂ ತುಂಡು ಕತ್ತರಿಸಿ ಪರೀಕ್ಷಿಸಬೇಕೆಂದು ಮಾರ್ಚಿ ೨೩ರಂದೇ ಕೇಳಿದ್ದರು. ಕೊಡುವುದಿಲ್ಲ ಎಂದವಳು