ವಿಶೇಷ ವಾಹನ ಬರುತ್ತದೆ, ಕಾಯಿರಿ

ಮಾನ್ಯ ವಿಪತ್ತು ನಿರ್ವಹಣಾಧಿಕಾರಿಗಳೇ,

ನಿಮ್ಮ ಪಟ್ಟಿಯಿಂದ ನನ್ನ ಗಂಡನ ಹೆಸರನ್ನು ದಯವಿಟ್ಟು ಹೊಡೆದುಹಾಕಿ. ಹೆಸರು ಸೇರಿಸಿ ಎಂದು ಕಚೇರಿ ಅಲೆಯುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ತೆಗೆಯಿರಿ ಎಂದು ಅಂಗಲಾಚುವವಳು ಬಹುಶಃ ನಾನೇ ಮೊದಲಿಗಳು.

ನಮ್ಮ ಯಜಮಾನರು ಇಪ್ಪತ್ತೆರಡು ವರ್ಷ ನಗರದ ಬಸ್ಸು ಓಡಿಸಿದವರು. ಈಗ ಶ್ವಾಸಕೋಶ ಕೈಕೊಟ್ಟಿದೆ. ಹಗಲೆಲ್ಲ ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲೇ ಅವರ ಆಕ್ಸಿಜನ್ ಯಂತ್ರ ಓಡುತ್ತದೆ. ಕರೆಂಟು ಹೋದರೆ ನಾಲ್ಕು ಗಂಟೆ ಬರುವ ಒಂದು ಸಿಲಿಂಡರ್ ಇದೆ. ವಿಶೇಷ ವೈದ್ಯಕೀಯ ಅಗತ್ಯವುಳ್ಳವರ ಪಟ್ಟಿ ಮಾಡುತ್ತೇವೆ ಎಂದು ನೀವು ಸಾರಿದಾಗ, ಅರ್ಧ ಹೊಲಿದ ರವಿಕೆ ಬಿಟ್ಟು ಓಡಿಬಂದು ಬರೆಸಿದೆ. ನೂರ ಹದಿನೇಳನೆಯ ನಂಬರು ಸಿಕ್ಕಿತು. ಅಂದು ನೆರೆಹೊರೆಯವರ ಮುಂದೆ ಸ್ವಲ್ಪ ಜಂಬವನ್ನೂ ಪಟ್ಟೆ, ನನ್ನ ಬುದ್ಧಿಗಿಷ್ಟು!

ಹೋದ ವರ್ಷ ನದಿ ನಮ್ಮ ಬೀದಿಗೆ ನುಗ್ಗಿದ ಮಧ್ಯಾಹ್ನ ನಿಮ್ಮ ಬಸ್ಸು ಬಂತು. ನಾನೂ ಎದುರುಮನೆಯ ಬಡಗಿಯೂ ಯಜಮಾನರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊತ್ತು ತಂದೆವು. ಅವರು ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟೂ ಆಗಿತ್ತು. ನಿಮ್ಮ ಸಿಬ್ಬಂದಿ ಕೈಯಲ್ಲಿದ್ದ ಹಾಳೆ ನೋಡಿ ಅಡ್ಡ ನಿಂತರು.

“ಇವ್ರು ವಿಶೇಷ ಪಟ್ಟೀಲಿದಾರೆ ಕಣಮ್ಮ. ಬೇರೆ ಗಾಡಿ ಬರುತ್ತೆ. ಇದ್ರಲ್ಲಿ ಹತ್ತಿಸೋ ಹಾಗಿಲ್ಲ.”

“ಸೀಟು ಖಾಲಿ ಇದೆಯಲ್ಲಪ್ಪಾ!”

“ಇದೆ. ದಾರೀಲಿ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?”

ನಾನು ಜಗಳಕ್ಕೆ ನಿಂತೆ. ಯಜಮಾನರೇ ಕಾಲು ಕೆಳಗಿಟ್ಟರು. “ಬಿಡೇ. ಶೀಟಲ್ಲಿ ಇಲ್ದೋರನ್ನ ಹತ್ತಿಸಿದ್ರೆ ಆ ಡ್ರೈವರ್ ಕೆಲ್ಸಕ್ಕೆ ಕುತ್ತು. ನಮ್ಗೆ ಗಾಡಿ ಬರುತ್ತೆ.” ಜೀವಮಾನವಿಡೀ ಟ್ರಿಪ್ ಶೀಟಿಗೆ ತಲೆಬಾಗಿದ ಮನುಷ್ಯ, ನಿಮ್ಮ ಹಾಳೆಗೂ ಬಾಗಿದರು. ಬಸ್ಸು ಏಳು ಖಾಲಿ ಸೀಟು ಹೊತ್ತು ಹೊರಟುಹೋಯಿತು.

ಸಿಲಿಂಡರಿನ ಮೀಟರಿನ ಮುಳ್ಳು ಇಳಿಯುವುದನ್ನು ನೀವು ಎಂದಾದರೂ ನೋಡಿದ್ದೀರಾ, ಸ್ವಾಮೀ? ನಾನು ಮೂರೂವರೆ ಗಂಟೆ ನೋಡಿದೆ. ಸಹಾಯವಾಣಿಗೆ ಹದಿನಾಲ್ಕು ಸಲ ಫೋನು ಮಾಡಿದೆ. ಪ್ರತಿಸಲವೂ “ನಿಮಗೆ ಮೊದಲ ಆದ್ಯತೆ” ಎಂಬ ಸವಿನುಡಿ. ಕೊನೆಗೆ ಕಸದ ಲಾರಿಯವನೊಬ್ಬ ನಮ್ಮನ್ನು ಕಂಡು ನಿಲ್ಲಿಸಿದ. ಅವನ ಬಳಿ ಯಾವ ಪಟ್ಟಿಯೂ ಇರಲಿಲ್ಲ, ಅದರಿಂದ ನಾವು ಬದುಕಿದೆವು.

ಇನ್ನು ಅವನು ನಮ್ಮನ್ನು ಇಳಿಸಿದ ನಿಮ್ಮ ‘ವಿಶೇಷ ಆಶ್ರಯ ಕೇಂದ್ರ’ದ ವೈಭವ! ಮೂರು ಆಕ್ಸಿಜನ್ ಯಂತ್ರಗಳಿಗೆ ಒಂದು ಪ್ಲಗ್ಗು. ಎರಡು ಒಟ್ಟಿಗೆ ಹಾಕಿದರೆ ಫ್ಯೂಸ್ ಹಾರುತ್ತಿತ್ತು. ಇಪ್ಪತ್ತು ನಿಮಿಷಕ್ಕೊಬ್ಬರಂತೆ ಸರದಿಯಲ್ಲಿ ಉಸಿರಾಡಿದರು. ಯಜಮಾನರು ತಮ್ಮ ಸರದಿ ಬೇಗ ಮುಗಿಸಿ ಮೂಲೆಯಲ್ಲಿದ್ದ ಒಬ್ಬ ಅಜ್ಜಿಗೆ ಬಿಡುತ್ತಿದ್ದರು. ನಾನು ಸಿಟ್ಟಿನಲ್ಲಿ ಹಲ್ಲು ಕಚ್ಚುತ್ತಿದ್ದೆ, ಇಂದು ಅದಕ್ಕೆ ನಾಚಿಕೆಯಾಗುತ್ತದೆ. ಎರಡನೆಯ ದಿನ ಅಜ್ಜಿ ಸರದಿಗೆ ಕಾಯುತ್ತಲೇ ಹೋದರು. ನಿಮ್ಮ ವರದಿಯಲ್ಲಿ ‘ಪ್ರವಾಹದಿಂದ ಪ್ರಾಣಹಾನಿ ಇಲ್ಲ’ ಎಂದಿದೆ. ನಿಜ, ಆಕೆ ನೀರಿನಲ್ಲಿ ಸಾಯಲಿಲ್ಲವಲ್ಲ.

ನದಿ ಮತ್ತೆ ಏರುತ್ತಿದೆ. ನಿನ್ನೆ ನಿಮ್ಮ ಸಂದೇಶ ಬಂತು: ‘ನೀವು ವಿಶೇಷ ಪಟ್ಟಿಯಲ್ಲಿದ್ದೀರಿ, ವಾಹನ ಬರುತ್ತದೆ, ಕಾಯಿರಿ.’ ಯಾವ ವಾಹನ? ಅದರ ನಂಬರೇನು? ಚಾಲಕ ಯಾರು, ಅವನ ಫೋನು ಯಾವುದು? ಕೇಂದ್ರದಲ್ಲಿ ಈಗ ಪ್ಲಗ್ಗುಗಳೆಷ್ಟು? ಇಂದು ಸಂಜೆಯೊಳಗೆ ಉತ್ತರ ಕೊಡಿ. ಕೊಡಲಾಗದಿದ್ದರೆ ಹೆಸರು ಹೊಡೆದು, ಎಲ್ಲರಂತೆ ನಮ್ಮನ್ನೂ ಬಸ್ಸು ಹತ್ತಲು ಬಿಡಿ. ದಾರಿಯಲ್ಲಿ ಏನಾದರೂ ಆದರೆ ನಾನೇ ಜವಾಬ್ದಾರಿ ಎಂದು ಬರೆದುಕೊಡುತ್ತೇನೆ.

ಬೇಗ ಮಾಡಿ. ನಿಮ್ಮ ಸಂದೇಶವನ್ನು ನಾನು ಅವರಿಗೆ ತೋರಿಸಬಾರದಿತ್ತು. ಬೆಳಗ್ಗೆಯಿಂದ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ಕೂತಿದ್ದಾರೆ. ಬಡಗಿ ತನ್ನ ಗಾಡಿಯಲ್ಲಿ ಕರೆದೊಯ್ಯುತ್ತೇನೆಂದರೂ ಏಳುತ್ತಿಲ್ಲ. ಅವರು ಇನ್ನೂ ನಿಮ್ಮನ್ನು ನಂಬಿದ್ದಾರೆ.

ಇಂತಿ,
ನೂರ ಹದಿನೇಳನೆಯವರ ಹೆಂಡತಿ,
ಸದ್ಯಕ್ಕೆ