ಬ್ರೂನೋನ ತೂಕ

3 ಫೆಬ್ರವರಿ 2014, ಸೋಮವಾರ

ಬೆಳಗ್ಗೆ ಎರಡು ಇಂಜೆಕ್ಷನ್, ಒಂದು ಕಿವಿ ಕ್ಲೀನಿಂಗ್. ಹನ್ನೊಂದಕ್ಕೆ ನಮ್ಮ ನಾಯಿ ಕ್ಲಿನಿಕ್ ಒಳಗೆ ಬಂದವನು... ಬೈರಪ್ಪ! ಹೂಡಿಯಲ್ಲಿ ನಾವು ಬಾಡಿಗೆಗಿದ್ದ ರೂಮಿನ ಓನರ್. ರಾತ್ರಿ ಬೊಗಳುತ್ತೆ ಅಂತ ನನ್ನ ನಾಯಿ ಕರಿಯನಿಗೆ ಕೋಳಿಸಾರಿನಲ್ಲಿ ವಿಷ ಕಲಸಿಟ್ಟ ಪಾಪಿ. ಈಗ ಅವನ ಲ್ಯಾಬ್ರಡಾರ್ ಬ್ರೂನೋಗೆ ಕ್ಯಾನ್ಸರ್. ನನ್ನ ಗುರುತು ಹತ್ತಲಿಲ್ಲ. "ಉಸಾರಾಯ್ತಾನೇನಮ್ಮ?" ಅಂದ.

ಇವತ್ತು ಮೊದಲ ಡೋಸ್. ತೂಕ ಮೂವತ್ತು ಕಿಲೋ. ಕ್ಯಾನ್ಸರಿನ ಈ ಔಷಧಿ ಕಿಲೋ ಲೆಕ್ಕಕ್ಕಲ್ಲ, ಮೈಚರ್ಮದ ವಿಸ್ತೀರ್ಣಕ್ಕೆ. ಗೋಡೆಯ ಚಾರ್ಟ್‌ನಲ್ಲಿ ಮೂವತ್ತರ ಎದುರಿಗೆ 0.98 ಚದರ ಮೀಟರ್. ತೂಗಿ, ಕಾರ್ಡಿಗೆ ಬರೆಯುವವಳು ನಾನು. ಅದನ್ನು ನೋಡಿ ಡಾಕ್ಟರ್ ದಿವ್ಯಾ ಡೋಸ್ ಹಾಕುತ್ತಾರೆ. ಜಾಸ್ತಿಯಾದರೆ ಹೃದಯ ಕೆಡುತ್ತದೆ. ಅದಕ್ಕೇ ಪ್ರತಿ ಸಲ ಹೊಸದಾಗಿ ತೂಗಬೇಕು.

9 ಫೆಬ್ರವರಿ

ರಜೆ. ಬಟ್ಟೆ ಒಗೆದೆ. ತಲೆ ತುಂಬ ಕರಿಯ. ಬಾಯಲ್ಲಿ ನೊರೆ, ಆದರೂ ನನ್ನನ್ನು ಕಂಡು ಬಾಲ ಆಡಿಸಿದ. ಬೈರಪ್ಪನ ವಂಶ ಹಾಳಾಗ.

24 ಫೆಬ್ರವರಿ, ಬೆಳಗ್ಗೆ 10:40

ಎರಡನೇ ಡೋಸ್. ಬ್ರೂನೋ ಇಳಿದುಹೋಗಿದ್ದಾನೆ. ಮೆಷಿನ್ ಮೇಲೆ ನಿಲ್ಲಿಸಿದೆ... ಇಪ್ಪತ್ತೆರಡು. ಚಾರ್ಟ್‌ನಲ್ಲಿ 0.79. ಕಾರ್ಡಿನಲ್ಲಿ ಹಳೇ ಮೂವತ್ತನ್ನೇ ಬರೆದೆ. 0.98. ಅಳಲಿ ಅವನೂ.

11:20

ಹೊರಗೆ ಬೆಂಚಿನ ಮೇಲೆ ಬೈರಪ್ಪ ಕಣ್ಣೊರೆಸಿಕೊಂಡ. "ಇಂತೋನು ಇನ್ನೊಬ್ಬ ಸಿಕ್ಕಲ್ಲಮ್ಮ." ನನಗೆ ಇನ್ನೊಬ್ಬ ಕರಿಯ ಸಿಗುತ್ತಾನೇನೋ!

ಆಗ ಹೊಳೆಯಿತು. ಬ್ರೂನೋ ಸತ್ತರೆ ಕಾಯಿಲೆಯಿಂದ ಸತ್ತ ಅಂದುಕೊಳ್ಳುತ್ತಾನೆ. ಯಾಕೆ ಅಂತ ಗೊತ್ತೇ ಆಗದಿದ್ದರೆ ಅದೆಂಥ ಸೇಡು? ಒಳಗೆ ಓಡಿದೆ. ಸಿರಿಂಜ್ ತುಂಬಿತ್ತು. "ಮೇಡಂ, ತಪ್ಪಾಗೈತ್ರಿ. ತೂಕ ಇಪ್ಪತ್ತೆರಡು." ಡಾಕ್ಟರ್ ಸಿರಿಂಜ್ ಕೆಳಗಿಟ್ಟರು. "ತಲೆ ಎಲ್ಲಿಟ್ಟಿದ್ದೆ ಶಿವಗಂಗಾ? ಸತ್ತೇ ಹೋಗ್ತಿತ್ತು ಕಣೆ!"

ಹೊರಗೆ ಬಂದು ಬೈರಪ್ಪನ ಎದುರು ನಿಂತೆ.

"ನನ್ನ ಕರಿಯ ನೆನಪ ಐತೇನ್ರಿ ಸಾರ್?"

"ಯಾವ ಕರಿಯ?"

ಹೇಳಿದೆ. ರೂಮು, ಕೋಳಿಸಾರು, ನೊರೆ. ಕಾರ್ಡಿನಲ್ಲಿ ಏನು ಬರೆದಿದ್ದೆ ಅನ್ನುವುದನ್ನೂ ಹೇಳಿದೆ. ಅವನು ಒಳಗಿನ ಬಾಗಿಲ ಕಡೆ ನೋಡಿದ.

11:50

ಸರಿಯಾದ ಡೋಸಿನ ಡ್ರಿಪ್ ಹೋಗುತ್ತಿದೆ. ಕೆಲಸ ಹೋದರೆ ಹೋಗಲಿ. ಹೋಗದಿದ್ದರೆ ಇನ್ನೂ ಮೂರು ಡೋಸ್ ಇವೆ, ಪ್ರತಿ ಸಲ ಅವನು ಬ್ರೂನೋನ ಬೆಲ್ಟ್ ನನ್ನ ಕೈಗೇ ಕೊಡಬೇಕು. ಕೊಡಲಿ. ಹೆದರಿ ಹೆದರಿ ಕೊಡಲಿ.

ಬೈರಪ್ಪ ಎದ್ದ. ಕೈಮುಗಿದುಕೊಂಡು ಈ ಕಡೆಗೇ ಬರ್ತಿದ್ದಾನೆ—