ಪದಬಂಧದ ಹೊತ್ತಿನ ಫೋನು

ಗೋಪಾಳ, ಶಿವಮೊಗ್ಗ
ಸೋಮವಾರ, ೨೨ ಜುಲೈ ೨೦೨೪

ಪ್ರೀತಿಯ ಮಾವನವರಿಗೆ,

ನಿಮ್ಮನ್ನು ಈಗಲೂ ಹೀಗೆ ಕರೆಯಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ಬೇರೆ ಹೇಗೆ ಕರೆದರೂ ಅದು ನೀವು ಅನ್ನಿಸುವುದಿಲ್ಲ, ಅದಕ್ಕೆ ಇದನ್ನೇ ಬರೆದಿದ್ದೇನೆ. ನನ್ನ ನಂಬರು ಕಂಡರೆ ನೀವು ಫೋನ್ ಎತ್ತುವುದಿಲ್ಲ. ಪತ್ರವನ್ನಾದರೂ ಒಡೆದು ಓದುತ್ತೀರಿ ಎಂಬ ಧೈರ್ಯದಿಂದ ಬರೆಯಲು ಕೂತಿದ್ದೇನೆ.

ನಿನ್ನೆ ಭದ್ರಾವತಿಗೆ, ನಿಮ್ಮ ಜನ್ನಾಪುರಕ್ಕೆ ಬಂದಿದ್ದೆ. ಬಸ್ಸಿನಿಂದ ಇಳಿಯುವಾಗಲೇ ನಿಮ್ಮನ್ನು ನೋಡಿದೆ. ಕಂಕುಳಲ್ಲಿ ಪೇಪರ್ ಇತ್ತು. ನೀವೂ ನನ್ನನ್ನು ನೋಡಿದಿರಿ. ನೋಡಿದವರು ಸೀದಾ ಪಕ್ಕದ ಕಟಿಂಗ್ ಶಾಪಿನೊಳಗೆ ಹೊಕ್ಕುಬಿಟ್ಟಿರಿ. ನಿಮ್ಮ ತಲೆಯ ಮೇಲೆ ಕತ್ತರಿಸಲು ಏನಿದೆ ಮಾವ? ನಗು ಬಂತು. ಮನೆಯ ಗೇಟು ತಲುಪುವಷ್ಟರಲ್ಲಿ ಆ ನಗು ಅಳುವಾಗಿತ್ತು. ಅತ್ತೆಯ ಹತ್ತಿರ, ಕಣ್ಣಿಗೆ ಧೂಳು ಬಿತ್ತು ಅಂದೆ. ಅವರು ನಂಬಿದಂತೆ ಮಾಡಿದರು.

ನೀವು ಬರಬಹುದೆಂದು ಬಹಳ ಹೊತ್ತು ಕಾದೆ. ಅತ್ತೆ ಅವಲಕ್ಕಿ ಒಗ್ಗರಣೆ ಹಾಕಿಕೊಟ್ಟರು. ನೀವು ಬರಲಿಲ್ಲ.

ವಸಂತ ಹೋದ ಮೇಲಿನ ಆ ದಿನಗಳು ನಿಮಗೆ ನೆನಪಿರಬೇಕು. ಕೊರೋನಾದ ಎರಡನೇ ಅಲೆ. ನಿಮಗೆ ಮಗ, ನನಗೆ ಗಂಡ, ಆದರೂ ಅವರ ಮುಖವನ್ನೂ ನಾವು ಸರಿಯಾಗಿ ನೋಡಲಿಲ್ಲ. ಮನೆಯಲ್ಲಿ ಮೂರು ಜನ ಇದ್ದೆವು, ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಓಡಾಡುತ್ತಿದ್ದೆವು. ನಾನು ರೂಮಿನ ಬಾಗಿಲು ಹಾಕಿಕೊಂಡರೆ ಊಟಕ್ಕೂ ಹೊರಗೆ ಬರುತ್ತಿರಲಿಲ್ಲ. ನೀವು ಒಂದು ಬೆಳಿಗ್ಗೆ ಪೇಪರಿನ ಪದಬಂಧ ಹಿಡಿದು ವರಾಂಡದಲ್ಲಿ ಕೂತು, ಯಾರಿಗೂ ಅಲ್ಲ ಎನ್ನುವಂತೆ, ಜೋರಾಗಿ ಓದಿದಿರಿ: “ಕುದುರೆಯ ಕೂಗು.” ಸ್ವಲ್ಪ ಬಿಟ್ಟು ಮತ್ತೆ ಓದಿದಿರಿ. ನಾನು ಒಳಗಿನಿಂದಲೇ ‘ಕೆನೆತ’ ಅಂದೆ.

“ಅದು ಮೂರಾಯ್ತು ಮಾರಾಯ್ತಿ, ನನಗೆ ನಾಲ್ಕಕ್ಷರ ಬೇಕು” ಅಂದಿರಿ.

ನಾನು ಬಾಗಿಲು ತೆಗೆದು ಬಂದು ನಿಮ್ಮ ಹಿಂದೆ ನಿಂತು ನೋಡಿದೆ. ‘ಹೇಷಾರವ’ ಅಂತ ಹೊಳೆಯಲು ಎಷ್ಟೋ ಹೊತ್ತು ಹಿಡಿಯಿತು. ನೀವು ಪೆನ್ಸಿಲಿನಲ್ಲಿ ನಿಧಾನವಾಗಿ ತುಂಬಿಸಿದಿರಿ. ಅಷ್ಟರಲ್ಲಿ ಅತ್ತೆ ಕೇಳದೆಯೇ ಇಬ್ಬರಿಗೂ ಕಾಫಿ ತಂದಿಟ್ಟಿದ್ದರು. ಆ ಮನೆಯಲ್ಲಿ ಮತ್ತೆ ಮಾತು ಶುರುವಾದದ್ದು ಹಾಗೆ.

ಆಮೇಲೆ ಅದು ನಮ್ಮ ದಿನಚರಿಯಾಯಿತು. ಪೇಪರ್ ಮಿಲ್ಲಿನಲ್ಲಿ ದುಡಿಯುವಾಗ ಕಾಗದನಗರದ ಕ್ವಾರ್ಟರ್ಸಿನಲ್ಲಿ ಕಲಿತ ಚಟ ಇದು ಅಂತ ನೀವು ಹೇಳುತ್ತಿದ್ದಿರಿ. ಪುರಾಣ, ಹಳೆಗನ್ನಡ ನಿಮ್ಮದು. ಹೂವು, ಹಕ್ಕಿ, ಅಡುಗೆ, ಸಿನಿಮಾ ನನ್ನದು. ನನಗೆ ಶಿವಮೊಗ್ಗದ ಶಾಲೆಯಲ್ಲಿ ಕೆಲಸ ಸಿಕ್ಕ ಮೇಲೆ ನೀವು ಬಸ್ಸಿಗೇ ಫೋನ್ ಮಾಡುತ್ತಿದ್ದಿರಿ. ಹಲೋ ಇಲ್ಲ, ಏನಿಲ್ಲ. “ಮೇಲಿಂದ ಕೆಳಗೆ, ಒಂಬತ್ತು. ಆನೆ ಮರಿ, ಮೂರಕ್ಷರ.” ಬಸ್ಸಿನ ಗಲಾಟೆಯಲ್ಲಿ ನಾನು ‘ಆನೆ ಮರಿ, ಆನೆ ಮರಿ’ ಅಂತ ಕೂಗುತ್ತಿದ್ದರೆ ಕಂಡಕ್ಟರು ಟಿಕೆಟ್ ಹರಿಯುತ್ತಾ, “ಕಳಭ ಅನ್ನಿ ಮೇಡಂ, ನಮ್ಮ ಸಕ್ರೆಬೈಲು ಆನೆ ಕ್ಯಾಂಪಲ್ಲಿ ಬೇಕಾದಷ್ಟಿವೆ” ಅಂದಿದ್ದರು. ಇಡೀ ಬಸ್ಸು ನಕ್ಕಿತ್ತು. ಫೋನಿನ ಆ ಕಡೆ ನೀವೂ ನಕ್ಕಿದ್ದಿರಿ. ವಸಂತ ಹೋದ ಮೇಲೆ ನಿಮ್ಮ ನಗು ಕೇಳಿದ್ದು ಅವತ್ತೇ ಮೊದಲು.

ಮತ್ತೆ ಆ ಇನ್ನೊಂದು ಬೆಳಿಗ್ಗೆ. ಅದರ ಬಗ್ಗೆ ನಾವಿಬ್ಬರೂ ಇವತ್ತಿನವರೆಗೆ ಮಾತಾಡಿಲ್ಲ. ನಾನು ಶಾಲೆಯ ಅಂಗಳದಲ್ಲಿದ್ದೆ, ಪ್ರಾರ್ಥನೆಗೆ ಮಕ್ಕಳು ಸಾಲು ನಿಂತಿದ್ದರು. ನಿಮ್ಮ ಫೋನು ಬಂತು. “ಮಾಮರ ಚಿಗುರುವ ಋತು. ಮೂರಕ್ಷರ” ಅಂದಿರಿ. ಎರಡನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಉತ್ತರ. ನಿಮಗೆ ಗೊತ್ತಿಲ್ಲದೆ ಕೇಳಿದ್ದಲ್ಲ ಅಂತ ನನಗೆ ತಕ್ಷಣ ತಿಳಿಯಿತು. ಆ ಮೂರು ಚೌಕದಲ್ಲಿ ಮಗನ ಹೆಸರು ಬರೆಯಲು ನಿಮ್ಮ ಕೈ ಏಳುತ್ತಿರಲಿಲ್ಲ. ಆ ಹೆಸರನ್ನು ನಾವು ಮನೆಯಲ್ಲಿ ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತು! ‘ಅವನು’ ಅನ್ನುತ್ತಿದ್ದಿರಿ ನೀವು. ನಾನು ಅಷ್ಟನ್ನೂ ಅನ್ನುತ್ತಿರಲಿಲ್ಲ.

ನಾನು “ವಸಂತ” ಅಂದೆ.

ನೀವು “ಹ್ಞೂಂ, ಬರೀತೀನಿ” ಅಂದಿರಿ. ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಮಕ್ಕಳ ಪ್ರಾರ್ಥನೆ ಮುಗಿಯುವವರೆಗೂ ಇಬ್ಬರೂ ಹಾಗೇ ಇದ್ದೆವು.

ಅವತ್ತು ಸಂಜೆಯೇ ನೀವು ಭೀಮೇಶರ ವಿಷಯ ತೆಗೆದದ್ದು. ಶಿವಮೊಗ್ಗದಲ್ಲಿ ಗ್ಯಾರೇಜ್ ಇದೆ, ಒಳ್ಳೆಯ ಮನುಷ್ಯ, ಅವರ ಹೆಂಡತಿಯೂ ತೀರಿಕೊಂಡಿದ್ದಾರೆ ಅಂದಿರಿ. ನಾನು ತಟ್ಟೆ ಬಿಟ್ಟು ಎದ್ದೆ. ನನ್ನನ್ನು ಮನೆಯಿಂದ ಕಳಿಸಲು ಇಷ್ಟು ಆತುರವೇ ಅಂತ ಕೇಳಿದೆ. ನೀವು ಬೇಜಾರು ಮಾಡಿಕೊಳ್ಳಲಿಲ್ಲ. “ನಾವಿಬ್ರೂ ವಯಸ್ಸಾದೋರು. ನಮ್ಮ ಜೊತೆ ನೀನೂ ಈಗ್ಲೇ ಮುದುಕಿ ಆಗ್ಬೇಡ ಕವನಾ. ನಂಗೆ ಅದನ್ನ ನೋಡಕ್ಕಾಗಲ್ಲ” ಅಂದಿರಿ.

ಕೊನೆಗೆ ನಾನು ಒಪ್ಪಿದೆ. ಮದುವೆಯ ದಿನ ಅಪ್ಪ ಅಮ್ಮ ಇಲ್ಲದ ನನಗೆ ನೀವೂ ಅತ್ತೆಯೂ ಕೂತು ಧಾರೆ ಎರೆದಿರಿ. ಭದ್ರಾವತಿಯಲ್ಲಿ ಕೆಲವರು ಆಡಿಕೊಂಡರು, ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾರು ಹತ್ತುವಾಗ, ನಾಳೆ ಬೆಳಿಗ್ಗೆ ಫೋನ್ ಮಾಡಿ ಅಂದೆ. ತಲೆಯಾಡಿಸಿದಿರಿ.

ಮಾಡಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ನಾನು ಮಾಡಿದರೆ ಅತ್ತೆ ಎತ್ತಿ, ಅವರು ಹೊರಗೆ ಹೋಗಿದ್ದಾರೆ ಅನ್ನುತ್ತಿದ್ದರು. ಹಿಂದೆ ನಿಮ್ಮ ಕೆಮ್ಮು ಕೇಳಿಸುತ್ತಿತ್ತು.

ಈ ಮನೆಯಲ್ಲಿ ನನಗೆ ಯಾವ ಕಷ್ಟವೂ ಇಲ್ಲ. ಇದನ್ನು ನಿಮ್ಮ ಸಮಾಧಾನಕ್ಕೆ ಬರೆಯುತ್ತಿಲ್ಲ, ನಿಜ. ಭೀಮೇಶ್ ಕಡಿಮೆ ಮಾತಿನವರು. ನನಗಾಗಿ ಪೇಪರ್ ಹಾಕಿಸಿದ್ದಾರೆ. ಅವರ ಅಮ್ಮ ಕಾಳಮ್ಮನವರು ಸ್ವಲ್ಪ ಗಟ್ಟಿ, ಆದರೆ ನಾನು ಶಾಲೆಯಿಂದ ಬರುವುದು ತಡವಾದರೆ ಗೇಟಿನ ಹತ್ತಿರ ನಿಂತಿರುತ್ತಾರೆ. ಆದರೂ ಬೆಳಿಗ್ಗೆ ಪದಬಂಧದ ಪುಟ ತೆರೆದರೆ ಕಿವಿ ಫೋನಿನ ಕಡೆಗೇ ಇರುತ್ತದೆ. ರಾಕ್ಷಸರ ಹೆಸರು, ಋಷಿಗಳ ಹೆಸರು ಬರುವ ಕಡೆಯೆಲ್ಲ ಖಾಲಿ. ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತದೆ, ಗೊತ್ತು. ಹುಡುಕುವುದಿಲ್ಲ. ಅವು ನಿಮ್ಮವು.

ಒಂದು ದಿನ ಭೀಮೇಶ್ ಕೇಳಿದರು, “ದಿನಾ ಯಾರ ಫೋನಿಗೆ ಕಾಯ್ತೀಯ?” ಶಾಲೆಯದು ಅಂದೆ. ಮತ್ತೊಂದು ದಿನವೂ ಕೇಳಿದರು. ಆಗ ಎಲ್ಲ ಹೇಳಿದೆ, ಋತುವಿನ ಕತೆಯೂ ಸೇರಿ. ಅವರು, “ನಿನ್ನ ಕೈ ನನಗೆ ಕೊಟ್ಟ ಮೇಲೂ ಅವರು ಬೇಗ ಬಿಡ್ಲಿಲ್ಲ. ಹೋಗಿ ನೋಡ್ಕೊಂಡು ಬಾ” ಅಂದರು. ನಿನ್ನೆ ಬಸ್ ಹತ್ತಿಸಿದವರೂ ಅವರೇ.

ಅತ್ತೆ ನಿನ್ನೆ ಕಾರಣ ಹೇಳಿದರು. ಮೊದಲ ಗಂಡನ ಅಪ್ಪ ದಿನಾ ಫೋನ್ ಮಾಡಿದರೆ ಆ ಮನೆಯ ಅತ್ತೆ ಏನಂದುಕೊಂಡಾರು, ಅವಳ ಸಂಸಾರ ಕೆಡುತ್ತದೆ ಅಂತ ನೀವು ಅಂದಿರಂತೆ. ಬೆಳಿಗ್ಗೆ ಫೋನ್ ಕೈಗೆ ತೆಗೆದುಕೊಳ್ಳುತ್ತೀರಂತೆ, ಕೆಳಗಿಡುತ್ತೀರಂತೆ. ಈಗ ಸುಳಿವನ್ನೆಲ್ಲ ಅತ್ತೆಗೆ ಕೇಳುತ್ತೀರಂತೆ. ಅವರು ಏನು ಕೇಳಿದರೂ “ಹಪ್ಪಳ ಅಂತ ಬರ್ಕೊಳ್ಳಿ, ಮೂರಕ್ಷರ ಆಗುತ್ತೆ” ಅನ್ನುತ್ತಾರಂತೆ. ಹೇಳುತ್ತಾ ಅವರೇ ನಗುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತಿದ್ದರು.

ಮಾವ, ಒಂದು ಮಾತು ಹೇಳಿಬಿಡುತ್ತೇನೆ. ಭೀಮೇಶರ ಹತ್ತಿರ ನಾನು ವಸಂತನ ಬಗ್ಗೆ ಮಾತಾಡಬಹುದು, ಅವರು ಕೇಳುತ್ತಾರೆ. ಆದರೆ ಅವರು ವಸಂತನನ್ನು ನೋಡಿದವರಲ್ಲ. ನೀವು ಫೋನಿನಲ್ಲಿ ಕೇಳುವುದು ಆನೆ ಮರಿಯನ್ನೇ ಆಗಿರಲಿ, ನಿಮ್ಮ ದನಿಯಲ್ಲಿ ವಸಂತನ ದನಿಯೂ ಸ್ವಲ್ಪ ಇದೆ. ಅದು ಕೇಳದೆ ನನ್ನ ಬೆಳಿಗ್ಗೆಗಳು ಬರಿದಾಗಿವೆ. ಹೊಸ ಮನೆ ಕಟ್ಟಿಕೊಳ್ಳಲು ನನ್ನನ್ನು ಕಳಿಸಿದಿರಿ, ಬಂದೆ. ನಿಮ್ಮನ್ನು ಕಳೆದುಕೊಂಡು ಬರಬೇಕು ಅಂತ ಮಾತ್ರ ಯಾವತ್ತೂ ಹೇಳಿರಲಿಲ್ಲ.

ಫೋನ್ ಮಾಡಿ. ಹಲೋ ಅನ್ನಬೇಡಿ.

ಅತ್ತೆಯ ಮಂಡಿನೋವಿಗೆ ಎಣ್ಣೆ ಕೊಟ್ಟು ಬಂದಿದ್ದೇನೆ, ಸ್ವಲ್ಪ ಬಿಸಿ ಮಾಡಿ ಹಚ್ಚಿಕೊಳ್ಳಲು ಹೇಳಿ.

ಇಂತಿ ನೀವು ಧಾರೆ ಎರೆದ ಮಗಳು,
ಕವನ

ಮರೆತ ಮಾತು (ಬುಧವಾರ): ಈ ಪತ್ರ ಎರಡು ದಿನ ಬ್ಯಾಗಿನಲ್ಲೇ ಉಳಿಯಿತು. ನಿನ್ನೆ ನಾನು ಶಾಲೆಗೆ ಹೋದಾಗ ನಮ್ಮತ್ತೆ ಕಾಳಮ್ಮನವರು ಮಗನಿಂದ ನಿಮ್ಮ ನಂಬರು ಇಸಿದುಕೊಂಡು ಮಾತಾಡಿದರಂತೆ. ಗುರುತಿಲ್ಲದ ನಂಬರು ಅಂತ ನೀವು ಎತ್ತಿದಿರಂತೆ. ಏನು ಮಾತಾಯಿತು ಅಂತ ಅವರು ಬಾಯಿ ಬಿಡುತ್ತಿಲ್ಲ. ಇವತ್ತು ಬೆಳಿಗ್ಗೆ ನನ್ನ ಕೈಯಿಂದ ರೊಟ್ಟಿ ಹಿಟ್ಟು ಕಿತ್ತುಕೊಂಡು, “ನೀನು ಪೇಪರ್ ಹಿಡ್ಕೊಂಡು ಕೂತ್ಕೋ, ನಾನು ತಟ್ತೀನಿ” ಅಂದರು. ಕೂತೆ. ನಿಮ್ಮ ಫೋನು ಬಂತು.

ಇನ್ನು ಈ ಪತ್ರ ಯಾಕೆ ಅಂತ ಅನ್ನಿಸಿತು. ಆದರೂ ಅಂಚೆಗೆ ಹಾಕುತ್ತಿದ್ದೇನೆ, ಯಾಕೆಂದರೆ ಫೋನಿನಲ್ಲಿ ನಾವು ಇದನ್ನೆಲ್ಲ ಮಾತಾಡುವವರಲ್ಲ. ಮತ್ತೆ ಒಂದು ವಿಷಯ. ಇವತ್ತು ನೀವು “ಬೆಳದಿಂಗಳು, ಮೂರಕ್ಷರ, ಮಧ್ಯದಲ್ಲಿ ಮು” ಅಂದಾಗ ಕೌಮುದಿ ಅಂತ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಗೊತ್ತಾಗುತ್ತಿಲ್ಲ, ಸಂಜೆ ಇನ್ನೊಂದು ಸಲ ಫೋನ್ ಮಾಡಿ, ಯೋಚಿಸಿ ಹೇಳುತ್ತೇನೆ ಅಂದೆ.